ಪುಸ್ತಕದ ಬೆನ್ನು ಯಾವ ಕೈಗೆ?

ಹೋದ ವಾರ ಸುರಪುರದ ಬಸ್ಸಿನಲ್ಲಿ ಕೂತು ಹೊಚ್ಚ ಹೊಸ ಕನ್ನಡ ಪುಸ್ತಕವೊಂದನ್ನು ತೆರೆದೆ. ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಒಂದು, ಎರಡು, ಮೂರು ಪುಟ ಓದಿದೆ. ನಾಲ್ಕನೆಯದಕ್ಕೆ ಹಾಳೆ ತಿರುವುವಾಗ ಏನೋ ಎಡವಟ್ಟಾಗಿದೆ ಅನ್ನಿಸಿತು.

ಎರಡನೇ ಪುಟ ಬಲಕ್ಕಿತ್ತು. ಮೂರನೇ ಪುಟ ಎಡಕ್ಕಿತ್ತು. ಪುಸ್ತಕದ ಬೆನ್ನು ನನ್ನ ಬಲ ಅಂಗೈಯಲ್ಲಿ ಆರಾಮಾಗಿ ಕೂತಿತ್ತು.

ಅಂದರೆ, ಕನ್ನಡ ಪುಸ್ತಕಕ್ಕೆ ಉರ್ದು ಪುಸ್ತಕದ ಬೈಂಡಿಂಗ್ ಆಗಿತ್ತು.

ಅದಕ್ಕಿಂತ ಸೋಜಿಗದ ಸಂಗತಿ ಏನು ಗೊತ್ತೇ? ಮೂರು ಪುಟ ಓದುವವರೆಗೂ ನನಗೆ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ನಿಜಾಮರ ಶಾಲೆಯಲ್ಲಿ ಅಲಿಫ್, ಬೇ ತಿದ್ದಿದ ಕೈ ಇದು. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಉರ್ದು ಓದಿ ಬೆಳೆದವರು ನಾವು. ಇವತ್ತಿಗೂ ಸಂತೆಯ ಚೀಟಿ ಬರೆಯಲು ಕೂತರೆ ನನ್ನ ಪೆನ್ಸಿಲ್ ಬಲಗಡೆಯಿಂದಲೇ ಹೊರಡುತ್ತದೆ. (ಅಂಗಡಿಯವನೂ ನನ್ನ ವಾರಿಗೆಯವನೇ. ಹಾಗಾಗಿ ತೊಂದರೆಯಿಲ್ಲ.)

ಪಕ್ಕದಲ್ಲಿ ಬೋನಾಳದ ಹಿರಿಯರೊಬ್ಬರು ಕೂತಿದ್ದರು. ಪುಸ್ತಕ ಅವರ ಕೈಗಿಟ್ಟು ಕೇಳಿದೆ: ‘ಇದರಾಗ ಏನಾರ ತಪ್ಪು ಕಾಣ್ತದೇನ್ರಿ?’

ಅವರು ತಿರುವಿ ತಿರುವಿ ನೋಡಿದರು. ‘ಎಲ್ಲಾ ಬರೋಬ್ಬರಿ ಅದಲ್ರಿ. ಅಕ್ಷರ ಅಷ್ಟ ಕನ್ನಡದಾಗ ಅದಾವ’ ಅಂದರು.

ನನಗೆ ನಗು ಬಂತು. ಆಮೇಲೆ ಕಾಲ ಕೆಳಗಿದ್ದ ಗಂಟು ನೆನಪಾಗಿ ನಗು ನಿಂತಿತು. ಅದರಲ್ಲಿ ಇಂಥವೇ ನೂರು ಪುಸ್ತಕಗಳಿದ್ದವು. ಎಲ್ಲಕ್ಕೂ ಬೆನ್ನು ಬಲಕ್ಕೆ.

ಈ ಪುಸ್ತಕದ ಹಿನ್ನೆಲೆ ಹೇಳಿಬಿಡುತ್ತೇನೆ. ಏಕೀಕರಣವಾಗಿ ನಾವು ಹೈದರಾಬಾದು ಬಿಟ್ಟು ಮೈಸೂರು ರಾಜ್ಯ ಸೇರಿದ್ದಾಯಿತು. ಆಫೀಸಿನ ಬೋರ್ಡುಗಳು ಬದಲಾದವು. ಆದರೆ ಬೋರ್ಡು ಓದುವವರು ಅವರೇ ಅಲ್ಲವೇ? ಕನ್ನಡವನ್ನೇ ಉಸಿರಾಡುತ್ತಾ ಕನ್ನಡ ಓದಲು ಬಾರದ ಮಂದಿ ನಮ್ಮ ಕಡೆ ಎಷ್ಟಿಲ್ಲ? ಅಂಥವರಿಗಾಗಿ ಸುರಪುರದಲ್ಲಿ ಒಂದು ಸಂಜೆ ಶಾಲೆ ತೆರೆಯುವುದೆಂದು ನಾವು ಕೆಲವರು ಸಮಿತಿ ಮಾಡಿಕೊಂಡೆವು. ಆ ಊರಿನ ವಕೀಲರೊಬ್ಬರು ಅಧ್ಯಕ್ಷರು. ಪಾಠ ಬರೆಯುವ ಕೆಲಸ ಶಾಲಾ ಮಾಸ್ತರನಾದ ನನಗೆ. ಯಾದಗಿರಿಯಲ್ಲಿ ಕಾಲಲ್ಲಿ ತುಳಿಯುವ ಸಣ್ಣ ಮಷೀನಿನ ಮೇಲೆ ಒಂದೊಂದೇ ಪುಟ ಮುದ್ರಿಸಿದ್ದಾಯಿತು. ಆ ಬಿಡಿ ಹಾಳೆಗಳನ್ನು ನಾನೇ ಹೊತ್ತು ತಂದು ಶಹಾಪುರದ ಭೀಮಣ್ಣನಿಗೆ ಕೊಟ್ಟೆ.

ಭೀಮಣ್ಣ ನಮ್ಮೂರ ಬೈಂಡರ್. ಜನ ಅವನನ್ನು ಜಿಲ್ದ್ ಭೀಮಣ್ಣ ಅನ್ನುತ್ತಾರೆ. ಪುಸ್ತಕಕ್ಕೆ ರಟ್ಟು ಕಟ್ಟುವುದಕ್ಕೆ ನಮ್ಮಲ್ಲಿ ಜಿಲ್ದ್ ಹಾಕುವುದು ಅಂತಲೇ ಹೇಳುವುದು. ಕಕ್ಕೇರಾದ ಕುರಿ ಸಾಕುವ ಮನೆತನದವನು. ಚಿಕ್ಕಂದಿನಲ್ಲೇ ಹೈದರಾಬಾದಿಗೆ ಹೋಗಿ ಪ್ರೆಸ್ಸೊಂದರಲ್ಲಿ ಈ ವಿದ್ಯೆ ಕಲಿತು ಬಂದ. ಓದುವುದಾದರೆ ಉರ್ದು ಮಾತ್ರ. ಸಂಕೋಚ, ವಿನಯ ಅವನ ಓಣಿಯಲ್ಲೂ ಹಾದು ಹೋಗಿಲ್ಲ. ‘ನನ್ನ ಜಿಲ್ದ್ ಹರಿದ್ರ ನನ್ನ ಮೀಸಿ ತೆಗೀರಿ’ ಎಂದು ಗಿರಾಕಿಗಳಿಗೆ ಹೇಳುತ್ತಾ ಬಂದಿದ್ದಾನೆ. ಮೀಸೆ ಇನ್ನೂ ಇದೆ.

ಆದರೆ ಕೆಲಸ ಇರಲಿಲ್ಲ. ಅವನ ಅನ್ನವೆಲ್ಲ ಉರ್ದು ಕಚೇರಿಗಳದ್ದು. ಕಚೇರಿಗಳು ಕನ್ನಡಕ್ಕೆ ಹೊರಳಿದವು, ಬೈಂಡಿಂಗ್ ಕೆಲಸ ದೊಡ್ಡ ಊರುಗಳ ದಾರಿ ಹಿಡಿಯಿತು. ‘ಸಾಕ ಮಾಡು, ಕುರಿಗೆ ಬಾ’ ಎಂದು ಕಕ್ಕೇರಾದ ಅಣ್ಣ ಯಂಕಪ್ಪ ಹೇಳಿ ಕಳಿಸುತ್ತಲೇ ಇದ್ದ. ಭೀಮಣ್ಣ ನನ್ನ ಹತ್ತಿರ ಒಂದೇ ಮಾತು ಹೇಳಿದ್ದ: ‘ಮಾಸ್ತರ, ಈ ಕನ್ನಡ ಕೆಲಸ ಒಂದ ಕೊಡಸ್ರಿ. ಇದು ಪಸಂದ ಆದ್ರ ನಾನು ಈ ಊರಾಗ ಇರ್ತೀನಿ. ಇಲ್ಲಂದ್ರ ಕಂಬಳಿ ಹೊದ್ಕೊಂಡು ಹೋಗ್ತೀನಿ.’

ಕೊಡಿಸಿದೆ. ಅವನು ನೂರಕ್ಕೆ ನೂರೂ ತಪ್ಪು ಕಡೆ ಹೊಲಿದ.

ಸುರಪುರದಲ್ಲಿ ಇಳಿದು ವಕೀಲರಿಗೆ ವಿಷಯ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿಸಿ, ‘ಇರಲಿ ಬಿಡ್ರಿ. ಬರೋರೆಲ್ಲ ಉರ್ದು ಕಲತೋರು ಇಲ್ಲಾ ಏನೂ ಕಲೀದೋರು. ಯಾರಿಗಿ ಗೊತ್ತಾಗ್ತದ? ಸೋಮವಾರ ಶಾಲಿ ಸುರು ಆಗಬೇಕು’ ಅಂದರು. ನಾನು ಹಗುರಾದೆ. ಅಷ್ಟರಲ್ಲಿ ಅವರು ಕನ್ನಡಕ ಒರೆಸುತ್ತಾ ಇನ್ನೊಂದು ಮಾತು ಸೇರಿಸಿದರು: ‘ಆದ್ರ ಮುಂದಿನ ಪುಸ್ತಕ ಜಿಲ್ದಿಗಿ ಗದಗಕ್ಕ ಕಳಸೂಣು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು?’

ಗಾದೆ ಎಷ್ಟು ಸುಲಭವಾಗಿ ಒಬ್ಬನ ಊಟದ ತಟ್ಟೆ ಎತ್ತಿಬಿಡುತ್ತದೆ, ನೋಡಿ.

ಭೀಮಣ್ಣನಿಗೇ ತೋರಿಸಿ, ಇದಕ್ಕೇನಾದರೂ ದಾರಿ ಇದೆಯೇ ಕೇಳೋಣವೆಂದು ಗಂಟು ಹೊತ್ತು ವಾಪಸು ಬಸ್ ಹತ್ತಿದೆ. ಶಹಾಪುರದಲ್ಲಿ ಭೀಮಣ್ಣನ ಅಂಗಡಿ ಮುಂದೆ ಎತ್ತಿನ ಬಂಡಿಯೊಂದು ನಿಂತಿತ್ತು. ಅಣ್ಣ ಯಂಕಪ್ಪ ಈ ಸಲ ಹೇಳಿ ಕಳಿಸಿರಲಿಲ್ಲ, ಸಾಮಾನು ಹೇರಿಕೊಂಡು ಹೋಗಲು ತಾನೇ ಬಂದಿದ್ದ. ನಾನು ಬಂದದ್ದಕ್ಕೂ ಅವನು ಬಂದದ್ದಕ್ಕೂ ಸರಿಯಾಯಿತು.

ಬೆನ್ನು ತಪ್ಪು ಕಡೆ ಇದೆಯೆಂದರೆ ಭೀಮಣ್ಣ ಮೊದಲು ನಂಬಲಿಲ್ಲ. ಆಮೇಲೆ ಯಾದಗಿರಿಯ ಮುದ್ರಕನನ್ನು ಬೈದ. ‘ಮಡಚಿದ ಹಾಳಿ ಕೊಟ್ಟಿದ್ರ ಮಡಿಕಿನ ಹೇಳ್ತಿತ್ತು, ಇಲ್ಲಿ ಹೊಲಿ ಅಂತ. ಬಿಡಿ ಹಾಳಿ ಕೊಟ್ಟಾನ. ಎರಡೂ ಕಡಿ ಹಾಶಿಯಾ ಒಂದ ಅಳತಿ ಬಿಟ್ಟಾನ. ನನಗೇನ ಕನಸು ಬೀಳ್ತದ?’ (ಹಾಶಿಯಾ ಎಂದರೆ ಅಕ್ಷರಗಳ ಪಕ್ಕ ಬಿಡುವ ಖಾಲಿ ಜಾಗ.) ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಆದರೆ ಅವನ ಮಾತಿನಲ್ಲಿ ಸ್ವಲ್ಪ ನೆಲದ ಡೊಂಕೂ ಇತ್ತು ಅನ್ನಿ.

ನಾನು ಸಮಾಧಾನ ಹೇಳಿದೆ. ವಕೀಲರು ಹೀಗೇ ನಡೆಯಲಿ ಅಂದಿದ್ದಾರೆ, ನಾನೇ ಮೂರು ಪುಟ ಓದಿದರೂ ಗೊತ್ತಾಗಲಿಲ್ಲ ಎಂದೆ. ಗದಗದ ಮಾತನ್ನೂ ಮುಚ್ಚಿಡಲಿಲ್ಲ. ಗದಗದ ಸುದ್ದಿಯನ್ನು ಭೀಮಣ್ಣ ಕೈಬೀಸಿ ತಳ್ಳಿದ. ಮೂರು ಪುಟದ ಮಾತು ಕೇಳಿ ಅವನ ಮುಖ ಕಪ್ಪಿಟ್ಟಿತು.

‘ನಿಮಗ ಯಾಕ ಗೊತ್ತಾಗಲಿಲ್ಲ ಹೇಳ್ರಿ? ಮೊದಲನೇ ಪುಸ್ತಕದ ಬೆನ್ನು ಬಲಗೈಯಾಗ ಇತ್ತು. ನನಗೂ ಹಂಗ. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಅಂತಾರ. ಈಗ ಸೋಮವಾರ ಬರೋ ಮಂದಿಗಿ ಇದ ಮೊದಲನೇ ಕನ್ನಡ ಪುಸ್ತಕ. ಇದು ಹಿಂಗ ತೆರೀತು ಅಂದ್ರ, ಅವರ ಕೈ ಸಾಯೂತನ ಹಿಂಗ ಹೋಗ್ತದ. ಆಮ್ಯಾಲ ಬ್ಯಾರೆ ಪುಸ್ತಕ ಹಿಡದಾಗೆಲ್ಲ ತಪ್ಪು ತಮ್ಮದ ಅನಕೋತಾರ.’

ಹೇಳಿ, ಚಾಕು ತೆಗೆದುಕೊಂಡ. ಮೇಲಿನ ಪುಸ್ತಕ ಎತ್ತಿ ತನ್ನ ಹೊಲಿಗೆಯನ್ನು ತಾನೇ ಕತ್ತರಿಸಿದ.

ಓದುಗರೇ, ನೀವು ನಿಮ್ಮ ಕೆಲಸವನ್ನು ಹಾಗೆ ಕತ್ತರಿಸಿದ್ದೀರಾ? ನಾನು ಈ ಅಂಕಣದ ಒಂದು ಸಾಲು ಸಂಪಾದಕರು ತೆಗೆದರೆ ಎರಡು ವಾರ ಮುಖ ಗಂಟು ಹಾಕಿಕೊಳ್ಳುವವನು.

ಕತ್ತರಿಸಿದ ಮೇಲೆ ನಿಜವಾದ ಕಷ್ಟ ಎದುರಾಯಿತು. ಬಲಕ್ಕೆ ಹೊಲಿದಿದ್ದನಲ್ಲ, ಎಡಗಡೆಯ ಅಂಚನ್ನು ಅಂದವಾಗಿರಲಿ ಎಂದು ಕೊರೆದು ತೆಗೆದಿದ್ದ. ಈಗ ಎಡಕ್ಕೆ ಹೊಲಿಯಬೇಕೆಂದರೆ ಜಾಗವೇ ಇಲ್ಲ. ಹೊಲಿದರೆ ಪ್ರತಿ ಸಾಲಿನ ಮೊದಲ ಅಕ್ಷರ ದಾರದ ಕೆಳಗೆ ಹೋಗುತ್ತದೆ. ಅಕ್ಷರ ಕಲಿಸುವ ಪುಸ್ತಕದಲ್ಲಿ ಅಕ್ಷರವೇ ಇಲ್ಲದಿದ್ದರೆ ಹೇಗೆ? ಮತ್ತೆ ಮುದ್ರಿಸಲು ಸಮಿತಿಗೆ ಶಕ್ತಿಯಿಲ್ಲ.

‘ಇನ್ನ ಬಂಡಿ ಹೇರು’ ಎಂದ ಯಂಕಪ್ಪ. ಕೆಟ್ಟ ಮನಸ್ಸಿನಿಂದಲ್ಲ. ತಮ್ಮನ ಪಾಡು ನೋಡಲಾಗದೆ.

ಆಗ ಒಳಗಿನಿಂದ ಗೋಣಿಚೀಲವೊಂದು ಬಂತು. ಎಳೆದು ತಂದವಳು ಭೀಮಣ್ಣನ ಹೆಂಡತಿ ಮಲ್ಲಮ್ಮ. ಗಂಡನ ಜೊತೆ ಹಾಳೆ ಜೋಡಿಸಿ, ಅಂಟು ಕಾಯಿಸಿ ದಿನ ಕಳೆದವಳು. ಉರ್ದುವೂ ಬಾರದು, ಕನ್ನಡವೂ ಬಾರದು. ಚೀಲದ ತುಂಬ ಕಾಗದದ ಪಟ್ಟಿಗಳು. ಇಷ್ಟು ವರ್ಷ ಭೀಮಣ್ಣ ಉರ್ದು ಪುಸ್ತಕಗಳ ಅಂಚು ಕೊರೆದಾಗ ಬಿದ್ದ ತುಂಡುಗಳು. ನಮ್ಮ ಕಡೆ ಹೆಂಗಸರು ಹಳೇ ಕಾಗದ ನೆನೆಸಿ, ಮೆಂತ್ಯದ ಜೊತೆ ರುಬ್ಬಿ ಬುಟ್ಟಿ ಮಾಡುತ್ತಾರಲ್ಲ, ಅದಕ್ಕೆಂದು ಅವಳು ಕೂಡಿಟ್ಟಿದ್ದಳು.

ಗಂಡನ ಮುಂದೆ ಚೀಲ ಸುರಿದಳು. ಭಾವನ ಎದುರು ಮಾತಾಡುವ ರೂಢಿಯಿಲ್ಲ, ಹಾಗಾಗಿ ಗೋಡೆಗೆ ಹೇಳಿದಂತೆ ಹೇಳಿದಳು: ‘ಅಂಗಿ ಬಿಗಿ ಆದ್ರ ಪಟ್ಟಿ ಕೊಟ್ಟು ಹೊಲೀತೀವಿ. ಹಾಳಿಗಿ ಕೊಡಾಕ ಬರೂದಿಲ್ಲೇನು?’

ಭೀಮಣ್ಣ ಒಂದು ಪಟ್ಟಿ ಎತ್ತಿ ಹಾಳೆಯ ಎಡ ಅಂಚಿಗೆ ಹಿಡಿದು ನೋಡಿದ. ‘ಬರ್ತದ. ಹೈದ್ರಾಬಾದಿನ್ಯಾಗ ಉಸ್ತಾದ ಹಳೀ ಪುಸ್ತಕಕ್ಕ ಕೊಡ್ತಿದ್ದ. ಆದ್ರ ಅದು ಒಂದೋ ಎರಡೋ ಪುಸ್ತಕ’ ಅಂದ.

ಇದು ನೂರು ಪುಸ್ತಕ. ಒಂದೊಂದರಲ್ಲಿ ಮೂವತ್ತರ ಮೇಲೆ ಹಾಳೆ. ಪ್ರತಿ ಹಾಳೆಯ ಅಂಚಿಗೂ ಬೆರಳಗಲದ ಒಂದು ಪಟ್ಟಿ ಅಂಟಿಸಬೇಕು, ಆ ಪಟ್ಟಿಗಳನ್ನು ಸೇರಿಸಿ ಹೊಲಿಯಬೇಕು. ಗುಣಾಕಾರ ನೀವೇ ಮಾಡಿಕೊಳ್ಳಿ. ನನಗೆ ಧೈರ್ಯವಾಗಲಿಲ್ಲ.

ಮರುದಿನದಿಂದ ನನ್ನ ಶಾಲೆ ಬಿಟ್ಟೊಡನೆ (ಬೇಸಿಗೆಯಲ್ಲವೇ, ಬೆಳಗಿನ ಶಾಲೆ) ನಾನು ಅಲ್ಲಿಗೆ ಹೋಗತೊಡಗಿದೆ. ಸಹಾಯ ಮಾಡುವ ಹುಮ್ಮಸ್ಸಿತ್ತು. ಮೊದಲ ಹಾಳೆಗೇ ಅಂಟು ಹೆಚ್ಚಾಗಿ ಅದು ಸುಕ್ಕಿದ ಹಪ್ಪಳವಾಯಿತು. ಭೀಮಣ್ಣ ನನ್ನ ಕೈಯಿಂದ ಬ್ರಶ್ ಕಿತ್ತುಕೊಂಡ. ‘ನೀವು ಕುಂದರ್ರಿ ಮಾಸ್ತರ. ನೋಡ್ರಿ, ಸಾಕು.’

ನೋಡಿದೆ. ಇಷ್ಟು ವರ್ಷ ಪುಸ್ತಕಗಳ ನಡುವೆ ಬದುಕಿದವನು ನಾನು. ಪುಸ್ತಕ ಹೇಗೆ ನಿಂತಿರುತ್ತದೆ ಎಂಬುದನ್ನು ಇದೇ ಮೊದಲು ನೋಡಿದೆ.

ಗೋಧಿ ಹಿಟ್ಟಿನ ಅಂಟಿಗೆ ಹುಳ ಹತ್ತದಿರಲೆಂದು ಮಲ್ಲಮ್ಮ ಚಿಟಿಕೆ ಮೈಲುತುತ್ತ ಹಾಕಿ ಕಾಯಿಸುತ್ತಾಳೆ. ಭೀಮಣ್ಣ ಹತ್ತು ಹಾಳೆಗಳನ್ನು ಮೆಟ್ಟಿಲಿನಂತೆ ಸರಿಸಿ ಇಡುತ್ತಾನೆ, ಒಂದೊಂದರ ಅಂಚು ಕೂದಲಗಲ ಮಾತ್ರ ಕಾಣುವ ಹಾಗೆ. ಬ್ರಶ್ಶನ್ನು ಒಮ್ಮೆ ಎಳೆದರೆ ಹತ್ತಕ್ಕೂ ಅಂಟು. ಪಟ್ಟಿ ಇಡುತ್ತಾನೆ, ಎತ್ತಿನ ಕೊಂಬಿನ ತುಂಡಿನಿಂದ ಒಮ್ಮೆ ಉಜ್ಜುತ್ತಾನೆ. ಕಾಗದ ಕಾಗದವನ್ನು ಹಿಡಿದುಕೊಂಡ ಆ ಗಳಿಗೆ ಅವನಿಗೆ ಬೆರಳಲ್ಲೇ ತಿಳಿಯುತ್ತದೆ. ಪದರಿನ ಮೇಲೆ ಬೆರಳಾಡಿಸಿದರೆ ಎಲ್ಲಿ ಹಾಳೆ ಮುಗಿದು ಎಲ್ಲಿ ಪಟ್ಟಿ ಶುರುವಾಯಿತೆಂದು ನನಗೆ ಸಿಕ್ಕಲಿಲ್ಲ. ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು. ದೊಡ್ಡ ಗುಡಿಯ ಕಂಬದ ಮುಂದೆ ನಿಂತಾಗ ಆಗುವ ಹಾಗೆ.

ಶಹಾಪುರದ ಬಿಸಿಲಿಗೆ ನಾವು ಬೈಯುತ್ತೇವಲ್ಲ, ಈ ಸಲ ಅದು ಉಪಕಾರ ಮಾಡಿತು. ಗುಡ್ಡದ ಕಲ್ಲು ಕಾದು ಓಣಿಗೆ ಬಿಸಿ ಉಗುಳುತ್ತಿತ್ತು, ಅಂಟು ಬೇಗ ಒಣಗುತ್ತಿತ್ತು. ಆದರೆ ಮಧ್ಯಾಹ್ನ ಒಂದು ಸುಳಿಗಾಳಿ ಒಳಗೆ ನುಗ್ಗಿತು. ಹಾಳೆಗಳು ಎದ್ದವು. ಭೀಮಣ್ಣ ಕೂಗುವ ಮೊದಲೇ ಬಾಗಿಲಲ್ಲಿ ಕೂತಿದ್ದ ಯಂಕಪ್ಪ ಹೆಗಲ ಮೇಲಿನ ಕಂಬಳಿ ಬಿಡಿಸಿ ಅಷ್ಟರ ಮೇಲೂ ಹರವಿ, ಅದರ ಮೇಲೆ ತಾನೇ ಅಂಗಾತ ಬಿದ್ದ. ಒಂದು ಹಾಳೆಯೂ ಹೊರಗೆ ಹೋಗಲಿಲ್ಲ.

ತಮ್ಮನನ್ನು ಕರೆದೊಯ್ಯಲು ಬಂದವನು ಇವನು. ಬಂಡಿ ಹೊರಗೆ ಇನ್ನೂ ನಿಂತಿತ್ತು.

ಗಾಳಿ ಹೋದ ಮೇಲೆ ಎದ್ದು ಕೂತು ಯಂಕಪ್ಪ ತಮ್ಮನ ಕೈಯನ್ನೇ ಬಹಳ ಹೊತ್ತು ನೋಡಿದ. ‘ನೀ ಇಲ್ಲಿ ಕಾಗದ ಹಚ್ಚಿ ಹೊಟ್ಟಿ ಹೊರಕೋತೀದಿ ಅಂತ ತಿಳದಿದ್ದೆ. ಇದು ಇಂಥಾದ್ದಂತ ಯಾಕ ಹೇಳಲಿಲ್ಲ?’

‘ಕುರಿ ಬಿಟ್ಟು ಬಂದು ನೋಡಿದ್ರ ಗೊತ್ತಾಗ್ತಿತ್ತು’ ಎಂದ ಭೀಮಣ್ಣ, ತಲೆ ಎತ್ತದೆ.

ಯಂಕಪ್ಪ ಊರಿಗೆ ಹೊರಡಲು ಹೂಡಿದ್ದ ಎತ್ತುಗಳನ್ನು ಬಂಡಿಯಿಂದ ಬಿಚ್ಚಿ ಬೇವಿನ ಗಿಡಕ್ಕೆ ಕಟ್ಟಿದ. ಬಂದು ಪಟ್ಟಿ ಆರಿಸಲು ಕೂತ. ಉಣ್ಣೆಯಿಂದ ಮುಳ್ಳು ಆರಿಸಿದ ಬೆರಳುಗಳು. ಒಂದೇ ಅಗಲದವನ್ನು ಕಣ್ಣಳತೆಯಲ್ಲಿ ಎತ್ತಿ ಎತ್ತಿ ಇಡುತ್ತಿದ್ದ. ಭಾವನ ಎದುರು ಎಂದೂ ಕೂರದ ಮಲ್ಲಮ್ಮ ಅದೇ ಕೋಣೆಯಲ್ಲಿ, ಸೆರಗು ಮುಂದೆ ಎಳೆದು, ಬೆನ್ನು ಮಾಡಿ ಕೂತಳು. ಅವನು ಆರಿಸಿದ್ದು ನೆಲದ ಮೇಲೆ ಸರಿದು ಅವಳ ಕಡೆ ಹೋಗುತ್ತಿತ್ತು. ಅವಳದು ಸರಿದು ಗಂಡನ ಕಡೆ.

ಕೊನೆಗೆ ಹೊಲಿಗೆಯ ಸರದಿ. ನನಗೆ ಅತ್ಯಂತ ಬೆರಗು ಹುಟ್ಟಿಸಿದ್ದು ಇದೇ. ಭೀಮಣ್ಣ ಒಂದು ಪುಸ್ತಕದ ಹಾಳೆ ಕುಟ್ಟಿ ಸರಿ ಮಾಡಿ, ಕಟ್ಟಿಗೆಯ ಇಕ್ಕಳಕ್ಕೆ ಬಿಗಿಯಲು ಎತ್ತುತ್ತಾನೆ. ಇಷ್ಟೆಲ್ಲ ಆದಮೇಲೂ, ಗೊತ್ತಿದ್ದೂ ಗೊತ್ತಿದ್ದೂ, ಅವನ ಕೈ ಬಲಗಡೆಯ ಅಂಚನ್ನೇ ಮುಂದೆ ಮಾಡುತ್ತದೆ!

‘ಕೈ’ ಅನ್ನುತ್ತಾಳೆ ಮಲ್ಲಮ್ಮ, ತಿರುಗದೆಯೇ. ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ. ಪುಸ್ತಕ ಕುಟ್ಟುವ ಸದ್ದಿನಿಂದಲೇ ಇರಬೇಕು.

ಅವನು ನಿಲ್ಲಿಸುತ್ತಾನೆ. ಪುಸ್ತಕ ತಿರುಗಿಸುತ್ತಾನೆ. ದಬ್ಬಣ ಚುಚ್ಚುತ್ತಾನೆ. ಮುಂದಿನ ಪುಸ್ತಕ ಎತ್ತುತ್ತಾನೆ.

‘ಕೈ.’

ಮತ್ತೆ ತಿರುಗಿಸುತ್ತಾನೆ. ಬೇಸರವಿಲ್ಲ, ಸಿಟ್ಟಿಲ್ಲ. ನನಗಾದರೆ ಹತ್ತನೆಯ ‘ಕೈ’ಗೆ ತಲೆ ಕೆಡುತ್ತಿತ್ತು. ತಲೆ ನರೆತ ಮನುಷ್ಯ, ಊರಿಗೇ ಹೆಸರಾದ ಕಸುಬುದಾರ, ಮೀಸೆಯ ಮೇಲೆ ಆಣೆ ಇಡುವವನು ಅಂಬೆಗಾಲಿಡುವ ಕೂಸಿನಂತೆ ಮತ್ತೆ ಮತ್ತೆ ಎಡವಿ ಮತ್ತೆ ಮತ್ತೆ ಏಳುತ್ತಿದ್ದ. ತಲೆಗೆ ಹೊಸದನ್ನು ಕಲಿಸುವುದು ನನ್ನ ಕಸುಬು. ಕೈಗೆ ಕಲಿಸುವುದು ಇಷ್ಟು ಕಷ್ಟವೆಂದು ನನಗೆ ಯಾರೂ ಹೇಳಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮಲ್ಲಮ್ಮನ ದನಿ ಬರಲಿಲ್ಲ. ನಾನು ಓದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತಿದೆ. ಭೀಮಣ್ಣ ಪುಸ್ತಕ ಎತ್ತಿದ. ಎಡ ಅಂಚು ಮುಂದೆ ಬಂತು. ತಾನಾಗಿಯೇ ಬಂತು. ಅವನಿಗೆ ಅದು ಗೊತ್ತಾಗಲೂ ಇಲ್ಲ. ಗೊತ್ತಾದದ್ದು ಬೆನ್ನು ಮಾಡಿ ಕೂತ ಅವಳಿಗೆ. ಸೆರಗಿನ ಅಂಚಿನಿಂದ ಕಣ್ಣೊರೆಸಿಕೊಂಡಳು. (ಅಂಟಿನ ಹೊಗೆ ಎಂದು ಆಮೇಲೆ ಹೇಳಿದಳು. ಆಗ ಒಲೆ ಆರಿತ್ತು.)

ಸೋಮವಾರ ನೂರು ಪುಸ್ತಕಗಳು ಯಂಕಪ್ಪನ ಬಂಡಿಯಲ್ಲೇ ಸುರಪುರಕ್ಕೆ ಹೊರಟವು. ತಮ್ಮನ ಸಾಮಾನು ಹೇರಲು ತಂದ ಬಂಡಿ ಅದು. ಭೀಮಣ್ಣ, ಮಲ್ಲಮ್ಮ ಇಬ್ಬರೂ ಮೇಲೆ ಕೂತಿದ್ದರು. ಪುಸ್ತಕ ಒಪ್ಪಿಸಿ ಬರಲು ಅಂದುಕೊಂಡಿದ್ದೆ. ಅಲ್ಲ, ಪಾಠಕ್ಕೆ ಕೂರಲು.

ವಕೀಲರು ಒಂದು ಪ್ರತಿ ಎತ್ತಿ ಅಗಲವಾಗಿ ಬಿಡಿಸಿ ನೋಡಿದರು. ಹೊಲಿಗೆಯ ಹತ್ತಿರ, ಎರಡು ಪುಟ ಕೂಡುವ ಸಂದಿನಲ್ಲಿ, ಪಟ್ಟಿಯ ಮೇಲೆ ಅರ್ಧ ಉರ್ದು ಅಕ್ಷರವೊಂದು ಇಣುಕುತ್ತಿತ್ತು. ಎಂದೋ ಯಾವುದೋ ಪುಸ್ತಕ ಕೊರೆಯುವಾಗ ಚಾಕುವಿಗೆ ಸಿಕ್ಕಿದ್ದು. ಅವರು ಅದರ ಮೇಲೆ ಬೆರಳಿಟ್ಟು ನೋಡಿ, ಹಾಳೆ ತಿರುವುತ್ತಾ ಹೋದರು. ಮುಂದಿನ ಪುಟ, ಅದರ ಮುಂದಿನದು, ಎಲ್ಲ ಕಡೆಯೂ ಕನ್ನಡದ ಹಾಳೆಯನ್ನು ಉರ್ದು ಕಾಗದದ ಅಂಚು ಹಿಡಿದುಕೊಂಡಿತ್ತು.

‘ಗದಗ ದೂರ ಆಗ್ತದ ಬಿಡ್ರಿ’ ಅಂದರು. ಅಷ್ಟೇ. ಭೀಮಣ್ಣ ಮೀಸೆ ತಿರುವಿದ. ಯಂಕಪ್ಪ ಬರಿ ಬಂಡಿ ಹೊಡೆದುಕೊಂಡು ಕಕ್ಕೇರಾಕ್ಕೆ ಹೋದ. ಹೋಗುವಾಗ ಒಂದು ಪುಸ್ತಕ ಕೇಳಿ ಇಸಿದುಕೊಂಡು ಕಂಬಳಿಯಲ್ಲಿ ಸುತ್ತಿಟ್ಟುಕೊಂಡ.

ಪಾಠ ಶುರುವಾಯಿತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಎಲ್ಲರ ಕೈಗೂ ಪುಸ್ತಕ ಬಂತು. ‘ಮೊದಲನೇ ಪುಟ ತೆಗೀರಿ’ ಎಂದೆ ನಾನು, ನನ್ನ ಪ್ರತಿ ಎತ್ತಿಕೊಳ್ಳುತ್ತಾ.

ಕೋಣೆಯಲ್ಲಿ ಹಾಳೆಗಳ ಸರಪರ ಸದ್ದು. ಹೆಂಗಸರ ಸಾಲಿನಿಂದ ಒಂದೇ ಒಂದು ದನಿ ಕೇಳಿಸಿತು:

‘ಕೈ.’

ತಲೆ ಎತ್ತಿ ನೋಡಿದೆ. ಭೀಮಣ್ಣ ಪುಸ್ತಕದ ಬೆನ್ನನ್ನು ಎಡಗೈಯಲ್ಲಿ ಹಿಡಿದು, ಮೊದಲ ಪುಟ ತೆರೆದು, ತಪ್ಪಿಲ್ಲದೆ ಕೂತಿದ್ದ. ಮಲ್ಲಮ್ಮ ನೋಡುತ್ತಿದ್ದದ್ದು ಅವನನ್ನಲ್ಲ, ನನ್ನನ್ನು. ನನ್ನ ಪುಸ್ತಕದ ಬೆನ್ನು ಬಲಗೈಯಲ್ಲಿತ್ತು. ಪಕ್ಕದಲ್ಲಿದ್ದ ವಕೀಲರದೂ.

ಅಂದ ಹಾಗೆ, ಈ ಪತ್ರಿಕೆಯನ್ನು ನೀವು ಇವತ್ತು ಯಾವ ಕಡೆಯಿಂದ ತೆರೆದಿರಿ?